ಒಂದನೇ ತರಗತಿಗೆ ಹೊಸ ಮಿಸ್

ಬೆಂಗಳೂರಿನ ಲಗ್ಗೆರೆಯಲ್ಲಿ ಬೆಳಗಾಗುವುದು ಪೀಣ್ಯದ ಕಾರ್ಖಾನೆಗಳ ಪಾಳಿಯ ಲೆಕ್ಕದಲ್ಲಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊರಡುವಾಗ ಶಾಲೆಯ ಗಂಟೆಗೆ ಇನ್ನೂ ಸಮಯವಿರುತ್ತದೆ. ಕಾರ್ಖಾನೆಯ ಗೇಟು ತಡವಾಗಿ ಬಂದವರಿಗೆ ಕಾಯುವುದಿಲ್ಲ. ಆರು ವರ್ಷದ ಮಗುವನ್ನು ಅಕ್ಕನ ಕೈಗೋ ಪಕ್ಕದ ಮನೆಯವರಿಗೋ ಒಪ್ಪಿಸಿ ಅಮ್ಮ ಓಡುತ್ತಾಳೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿರುತ್ತಾನೆ. ಇರುವುದೊಂದೇ ಕೋಣೆ. ಹಾಗಾಗಿ ಮಗುವಿಗೆ ಬೆಳಿಗ್ಗೆಯೆಲ್ಲ ಒಂದೇ ಮಾತು: 'ಸದ್ದು ಮಾಡಬೇಡ'. ಅಂಥ ಮಗು ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಬಾಯಿ ಬಿಡುತ್ತದೆ. ಬಿಡದೆ ಇನ್ನೇನು ಮಾಡೀತು?

ಇಂಥ ಮೂವತ್ತು ಮಕ್ಕಳಿರುವ ಒಂದನೇ ತರಗತಿಗೆ ಪ್ರಾಥಮಿಕ ಶಿಕ್ಷಕಿಯಾಗಲು ಡಿ.ಎಲ್.ಇಡಿ. ಓದುತ್ತಿರುವ ಹತ್ತೊಂಬತ್ತರ ಹುಡುಗಿಯೊಬ್ಬಳು ಅಭ್ಯಾಸ ಬೋಧನೆಗೆ ಬರುತ್ತಾಳೆ ಎಂದುಕೊಳ್ಳಿ. ಕೈಯಲ್ಲಿ ಮಾರ್ಗದರ್ಶಕರ ಸಹಿ ಬಿದ್ದ ಪಾಠ ಯೋಜನೆ, ರಾತ್ರಿಯೆಲ್ಲ ಕೂತು ಕತ್ತರಿಸಿ ಅಂಟಿಸಿದ ಮಿಂಚುಪಟ್ಟಿಗಳು. ಪೀಠಿಕೆಗೆ ಐದು ನಿಮಿಷ, ವಿಷಯ ಮಂಡನೆಗೆ ಇಪ್ಪತ್ತು, ಮೌಲ್ಯಮಾಪನಕ್ಕೆ ಹತ್ತು ಎಂದು ಯೋಜನೆಯಲ್ಲಿ ಗೆರೆ ಹಾಕಿ ಬರೆದಿದೆ. 'ಮಕ್ಕಳೇ, ಎಲ್ಲರೂ ಇತ್ತ ನೋಡಿ' ಎಂದು ಆಕೆ ಶುರುಮಾಡುತ್ತಾಳೆ. ಎದುರಿನ ಹುಡುಗಿ ಮೊಣಕಾಲಿನ ಗಾಯ ತೋರಿಸಲು ಎದ್ದು ಬರುತ್ತಾಳೆ. ಹಿಂದಿನಿಂದ 'ಮಿಸ್, ಇವ್ನು ನನ್ನ ರಬ್ಬರ್ ತಗೊಂಡ' ಎಂಬ ದೂರು. ಒಬ್ಬ ಕಿರುಬೆರಳು ಎತ್ತಿ 'ಒಂದಕ್ಕೆ' ಎನ್ನುತ್ತಾನೆ. ಹೂಂ ಎಂದದ್ದೇ ತಡ, ಇಡೀ ಸಾಲಿಗೆ ಒಂದಕ್ಕೆ ಬರುತ್ತದೆ. ಈ ಬದಿಯವರನ್ನು ಕೂರಿಸುವಷ್ಟರಲ್ಲಿ ಆ ಬದಿಯವರು ಎದ್ದಿರುತ್ತಾರೆ. ತಕ್ಕಡಿಯಲ್ಲಿ ಕಪ್ಪೆ ತೂಗುವುದು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ನೋಡಿ ಇರಬೇಕು. ಪೀಠಿಕೆಯ ಐದು ನಿಮಿಷ ಮುಗಿದೇಹೋಯಿತು, ಮೊದಲ ಮಿಂಚುಪಟ್ಟಿ ಇನ್ನೂ ಚೀಲದಲ್ಲೇ ಇದೆ.

ಆಗ ಆಕೆ ಮಾಡುವುದು, ತಾನು ಚಿಕ್ಕವಳಿದ್ದಾಗ ತನ್ನ ಟೀಚರ್ ಮಾಡುತ್ತಿದ್ದುದನ್ನೇ. ದನಿ ಏರಿಸುತ್ತಾಳೆ. 'ಕೈ ಕಟ್ಟಿ, ಬಾಯಿ ಮೇಲೆ ಬೆರಳು!' ಮೂವತ್ತು ಬೆರಳುಗಳು ಮೂವತ್ತು ತುಟಿಗಳ ಮೇಲೆ. ಕೋಣೆ ತಣ್ಣಗಾಗುತ್ತದೆ. ಕೊನೆಯ ಬೆಂಚಿನಲ್ಲಿ ಕೂತು ಅವಲೋಕನ ಪುಸ್ತಕ ಬರೆಯುತ್ತಿರುವ ಉಪನ್ಯಾಸಕರಿಗೂ ಸಮಾಧಾನ. 'ತರಗತಿ ನಿಯಂತ್ರಣ ಉತ್ತಮ' ಎಂದು ಬರೆಯುತ್ತಾರೆ. ಬೆರಳು ತುಟಿಯ ಮೇಲಿದ್ದರೂ ಕಣ್ಣು ಕಿಟಕಿಯಾಚೆ ಇದೆ, ಕಾಲು ಮುಂದಿನವನ ಬ್ಯಾಗನ್ನು ಮೆಲ್ಲಗೆ ಒದೆಯುತ್ತಿದೆ. ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ನನ್ನ ತಕರಾರು ಇಲ್ಲಿಂದಲೇ ಶುರು. ಮಕ್ಕಳು ಸುಮ್ಮನಾದರೆ ಗಮನ ಕೊಟ್ಟರು ಎಂದು ನಾವು ನಂಬಿದ್ದೇವೆ. ಹೊಸ ಶಿಕ್ಷಕಿಗೂ ಅದನ್ನೇ ನಂಬಿಸುತ್ತೇವೆ. ಸುಮ್ಮನಿರಿಸುವುದು ಒಂದು ವಿದ್ಯೆ, ಗಮನ ಸೆಳೆಯುವುದು ಇನ್ನೊಂದು. ಮೊದಲನೆಯದನ್ನು ಒಂದು ಗದರಿಕೆಯಲ್ಲಿ ಕಲಿಯಬಹುದು. ಎರಡನೆಯದಕ್ಕೆ ಕಾಲ ಬೇಕು, ಪಕ್ಕದಲ್ಲಿ ನಿಂತು ತೋರಿಸುವ ಒಬ್ಬರು ಬೇಕು. ಆ ಎರಡನ್ನೂ ನಮ್ಮ ತರಬೇತಿ ಅತಿ ಜಿಪುಣತನದಿಂದ ಕೊಡುತ್ತದೆ.

ಗೆಳತಿಯರೇ ಮಕ್ಕಳಾದಾಗ

ತರಬೇತಿ ಕಾಲೇಜುಗಳಲ್ಲಿ ಗಮನ ಸೆಳೆಯುವುದಕ್ಕೊಂದು ಪಾಠವೇ ಇಲ್ಲ ಎನ್ನುವಂತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1963ರ ಸುಮಾರಿಗೆ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ ಸೂಕ್ಷ್ಮ ಬೋಧನೆ ನಮ್ಮ ಬಿ.ಇಡಿ., ಡಿ.ಇಡಿ. ಪಠ್ಯಗಳಲ್ಲಿ ದಶಕಗಳಿಂದ ಇದೆ. ಐದಾರು ನಿಮಿಷದ ಪಾಠ, ಒಂದು ಹೊತ್ತಿಗೆ ಒಂದೇ ಕೌಶಲ. ಅದರಲ್ಲಿ ಪ್ರಚೋದನಾ ಬದಲಾವಣೆ ಎಂಬ ಕೌಶಲ ನೇರವಾಗಿ ಗಮನಕ್ಕೆ ಸಂಬಂಧಿಸಿದ್ದು. ಶಿಕ್ಷಕಿ ನಿಂತಲ್ಲೇ ನಿಲ್ಲದೆ ಓಡಾಡಬೇಕು, ಹಾವಭಾವ ಬಳಸಬೇಕು, ದನಿಯ ಏರಿಳಿತ ಬದಲಿಸಬೇಕು, ಮಾತಿನ ನಡುವೆ ಬೇಕೆಂದೇ ತಡೆಯಬೇಕು, ಕೇಳಿಸುವುದರಿಂದ ತೋರಿಸುವುದಕ್ಕೆ ಹೊರಳಬೇಕು. ಎಲ್ಲವೂ ಸರಿಯಾದ ಮಾತುಗಳೇ.

ತೊಂದರೆ ಇರುವುದು ಅಭ್ಯಾಸ ಮಾಡುವ ರೀತಿಯಲ್ಲಿ. ಸೂಕ್ಷ್ಮ ಬೋಧನೆಯಲ್ಲಿ ಮಕ್ಕಳಾಗಿ ಕೂರುವವರು ಸಹಪಾಠಿಗಳು. ಅವರು ಮುಗುಳುನಗುತ್ತ ಕೂತಿರುತ್ತಾರೆ, ಕೇಳಿದ್ದಕ್ಕೆ ಪೂರ್ಣ ವಾಕ್ಯದಲ್ಲಿ ಉತ್ತರಿಸುತ್ತಾರೆ. ಯಾರೂ ಒಂದಕ್ಕೆ ಕೇಳುವುದಿಲ್ಲ, ಯಾರ ಹಲ್ಲೂ ಅಲ್ಲಾಡುತ್ತಿರುವುದಿಲ್ಲ, ಯಾರೂ ಅಮ್ಮ ಬೇಕೆಂದು ಅಳುವುದಿಲ್ಲ. ತನ್ನ ಪಾಠಕ್ಕೆ ಗೆಳತಿ ಸಹಕರಿಸಲಿ ಎಂದು ಇವಳೂ ಆಕೆಗೆ ಸಹಕರಿಸುತ್ತಾಳೆ. ಇಲ್ಲಿ ತೊಂಬತ್ತು ಅಂಕ ಪಡೆದವಳು ನಿಜವಾದ ಒಂದನೇ ತರಗತಿಯಲ್ಲಿ ಮೊದಲ ದಿನವೇ ಬೆವರುತ್ತಾಳೆ. ತಪ್ಪು ಅವಳದಲ್ಲ.

ಹೋಗಲಿ, ನಿಜವಾದ ಶಾಲೆಯಲ್ಲಿ ಕಳೆಯಲು ಸಮಯವಿದೆಯೇ? ಇದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಎರಡು ವರ್ಷದ ಡಿ.ಎಲ್.ಇಡಿ. ಕೋರ್ಸಿನಲ್ಲಿ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಕೇಳುತ್ತದೆ. ಆದರೆ ಆ ವಾರಗಳು ಬಹುಮಟ್ಟಿಗೆ ಪಾಠಗಳ ಸಂಖ್ಯೆ ತುಂಬಿಸುವುದರಲ್ಲೇ ಕರಗಿಹೋಗುತ್ತವೆ. ಇಷ್ಟು ಕನ್ನಡ, ಇಷ್ಟು ಗಣಿತ, ಇಷ್ಟು ಪರಿಸರ. ಪ್ರತಿ ಪಾಠಕ್ಕೂ ಯೋಜನೆ, ಸಹಿ, ರೆಕಾರ್ಡು. ಇಂದು ಒಂದನೇ ತರಗತಿ, ನಾಳೆ ನಾಲ್ಕನೇದು. ಹೀಗೆ ತರಗತಿಯಿಂದ ತರಗತಿಗೆ ಹಾರುವವಳಿಗೆ ಮೂವತ್ತು ಮಕ್ಕಳ ಹೆಸರು ಬಾಯಿಗೆ ಬರುವುದಾದರೂ ಯಾವಾಗ?

ಹೆಸರು ಸಣ್ಣ ಸಂಗತಿಯೆಂದು ತಿಳಿಯಬೇಡಿ. 'ಏಯ್, ಹಿಂದಿನ ಬೆಂಚು' ಎಂದರೆ ಯಾರೂ ತಿರುಗುವುದಿಲ್ಲ. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದ್ದಲ್ಲ ಎಂಬುದು ಆರು ವರ್ಷದವರಿಗೆ ಚೆನ್ನಾಗಿ ಗೊತ್ತು. ಹೆಸರು ಹಿಡಿದು, ಅದೂ ಹತ್ತಿರ ಹೋಗಿ, ಮಂಡಿಯೂರಿ ಕಣ್ಣಿನ ಮಟ್ಟಕ್ಕೆ ಬಂದು ಹೇಳಿದ ಮಾತೇ ಬೇರೆ.

ಮೌನದಾಟ ಸೋತ ಕಥೆ

ಹೊಸ ಶಿಕ್ಷಕನ ಮೊದಲ ದಿನದ ಪಾಡನ್ನು ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಬರೆದಷ್ಟು ಚೆನ್ನಾಗಿ ಇನ್ನೊಬ್ಬರು ಬರೆದಿಲ್ಲ. ವಕೀಲಿಕೆ ಬಿಟ್ಟು ಮಕ್ಕಳ ನಡುವೆ ಕೂತ ಗುಜರಾತಿನ ಈ ಮನುಷ್ಯನಿಗೆ ಅಲ್ಲಿನವರು ಇಟ್ಟ ಹೆಸರು 'ಮೀಸೆ ಹೊತ್ತ ತಾಯಿ'. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದವರು. 1930ರ ದಶಕದ ಆರಂಭದಲ್ಲಿ ಬಂದ ಅವರ 'ದಿವಾಸ್ವಪ್ನ'ದಲ್ಲಿ ಲಕ್ಷ್ಮೀರಾಮ ಎಂಬ ಕಲ್ಪಿತ ಶಿಕ್ಷಕನಿದ್ದಾನೆ. ಪುಸ್ತಕಗಳನ್ನೋದಿ ಹುರುಪುಗೊಂಡು, ಶಿಕ್ಷಣಾಧಿಕಾರಿಯನ್ನು ಒಪ್ಪಿಸಿ, ಪ್ರಯೋಗಕ್ಕೆಂದು ನಾಲ್ಕನೇ ತರಗತಿಯೊಂದನ್ನು ಕೇಳಿ ಪಡೆಯುತ್ತಾನೆ. ಮೊದಲ ದಿನ ಆಡಿಸಬೇಕೆಂದುಕೊಂಡದ್ದು ಮೌನದ ಆಟ. ಮಕ್ಕಳು ಅದನ್ನು ತಮ್ಮದೇ ಆಟ ಮಾಡಿಕೊಳ್ಳುತ್ತಾರೆ. ಒಬ್ಬ ವಿಚಿತ್ರ ಸದ್ದು ತೆಗೆಯುತ್ತಾನೆ, ಇನ್ನೊಬ್ಬ ಕಾಲು ಬಡಿಯುತ್ತಾನೆ, ಕೋಣೆಯೆಲ್ಲ ಗೊಳ್ಳೆನ್ನುತ್ತದೆ. ದಿಕ್ಕು ತೋಚದ ಲಕ್ಷ್ಮೀರಾಮ ರಜೆ ಕೊಟ್ಟು ಕಳಿಸುತ್ತಾನೆ, ಅದಕ್ಕಾಗಿ ಮುಖ್ಯೋಪಾಧ್ಯಾಯರ ಕೈಲಿ ಮಾತು ಕೇಳಿಸಿಕೊಳ್ಳುತ್ತಾನೆ. ಮರುದಿನ ಆಟ ಕೈಬಿಟ್ಟು ಕಥೆ ಶುರುಮಾಡುತ್ತಾನೆ. ಆಮೇಲೆ ಮಕ್ಕಳನ್ನು ಎಬ್ಬಿಸುವುದೇ ಕಷ್ಟವಾಗುತ್ತದೆ.

ಲಕ್ಷ್ಮೀರಾಮನ ಮೌನದಾಟ ಮೂಲದಲ್ಲಿ ಮರಿಯಾ ಮಾಂಟೆಸ್ಸರಿಯದು. ಆಕೆ ಇದನ್ನು ಕಂಡುಕೊಂಡದ್ದು ಎಲ್ಲಿ ಎಂಬುದನ್ನು ಲಗ್ಗೆರೆಯವರು ಗಮನಿಸಬೇಕು. ರೋಮ್ ನಗರದ ಸ್ಯಾನ್ ಲೊರೆಂಜೊ ಕೂಲಿಕಾರರ ಬಡಾವಣೆ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ವಠಾರದಲ್ಲಿ ಉಳಿದ ಮಕ್ಕಳು ಗೋಡೆ, ಮೆಟ್ಟಿಲು ಹಾಳುಮಾಡುತ್ತಾರೆಂದು ಕಟ್ಟಡದ ಮಾಲೀಕರೇ ಅವರನ್ನು ಒಂದೆಡೆ ಕೂಡಿಹಾಕಲು ಬಯಸಿದ್ದರು. 1907ರ ಜನವರಿ 6ರಂದು ಆಕೆ ಅಲ್ಲಿ ಮಕ್ಕಳ ಮನೆ ತೆರೆದರು. ಒಂದು ದಿನ ಅಂಗಳದಲ್ಲಿ ತಾಯಿಯೊಬ್ಬಳ ತೋಳಲ್ಲಿದ್ದ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಒಳಗೆ ಬಂದು, ಇದು ಎಷ್ಟು ಸುಮ್ಮನಿದೆ ನೋಡಿ, ನಿಮ್ಮಿಂದ ಹೀಗಿರಲು ಸಾಧ್ಯವೇ ಎಂದರಂತೆ. ಮಕ್ಕಳು ಉಸಿರು ಬಿಗಿಹಿಡಿದರು. ಎಂದೂ ಕೇಳಿಸದಿದ್ದ ಗಡಿಯಾರದ ಟಿಕ್‌ಟಿಕ್ ಕೇಳಿಸತೊಡಗಿತು. ಮುಂದೆ ಆಕೆ ಪಕ್ಕದ ಕೋಣೆಯಲ್ಲಿ ನಿಂತು ಒಂದೊಂದೇ ಮಗುವಿನ ಹೆಸರನ್ನು ಪಿಸುದನಿಯಲ್ಲಿ ಕರೆಯುವುದು, ಕರೆಸಿಕೊಂಡ ಮಗು ಸದ್ದಾಗದಂತೆ ತುದಿಗಾಲಲ್ಲಿ ನಡೆದು ಬರುವುದು ಆ ಆಟದ ರೀತಿಯಾಯಿತು. 1939ರಲ್ಲಿ ಭಾರತಕ್ಕೆ ಬಂದ ಆಕೆ ಚೆನ್ನೈನ ಅಡ್ಯಾರಿನಲ್ಲಿ, ಬಳಿಕ ಕೊಡೈಕೆನಾಲಿನಲ್ಲಿದ್ದು ನೂರಾರು ಶಿಕ್ಷಕರನ್ನು ತರಬೇತುಗೊಳಿಸಿದರು. ಇವತ್ತು ಬೆಂಗಳೂರಿನ ಗಲ್ಲಿಗೊಂದು ಮಾಂಟೆಸ್ಸರಿ ಬೋರ್ಡು ತೂಗುತ್ತಿದೆ. ಎಷ್ಟರಲ್ಲಿ ಮೌನ ಒಂದು ಆಟ, ಎಷ್ಟರಲ್ಲಿ ಶಿಕ್ಷೆ ಎಂದು ಒಳಹೊಕ್ಕು ನೋಡಿದರೆ ತಿಳಿದೀತು.

ಒಂದೇ ಆಟ ರೋಮಿನಲ್ಲಿ ಗೆದ್ದು ಲಕ್ಷ್ಮೀರಾಮನ ಕೋಣೆಯಲ್ಲಿ ಸೋತದ್ದೇಕೆ? ಒಂದು ಕಡೆ ಮಕ್ಕಳಿಗೆ ಶಿಕ್ಷಕಿಯ ಪರಿಚಯವಿತ್ತು, ಆಟಕ್ಕೆ ಕಾರಣವಿತ್ತು. ಇನ್ನೊಂದು ಕಡೆ ಬಾಗಿಲಲ್ಲಿ ನಿಂತ ಅಪರಿಚಿತನೊಬ್ಬ ಬಂದ ಗಳಿಗೆಯಲ್ಲೇ ಮೌನ ಕೇಳಿದ. ನಮ್ಮ ಹೊಸ ಮಿಸ್ ಕೂಡ ಕೇಳುತ್ತಿರುವುದು ಅದನ್ನೇ.

ಮಳೆ ಚಪ್ಪಾಳೆ

ಪಳಗಿದ ಕೈಗಳು ಏನು ಮಾಡುತ್ತವೆ ಎಂದು ಒಂದನ್ನಾದರೂ ಹತ್ತಿರದಿಂದ ನೋಡೋಣ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಬಳಕೆಯಲ್ಲಿರುವ ಮಳೆ ಚಪ್ಪಾಳೆ ಇದೆಯಲ್ಲ, ಅದನ್ನು. ಶಿಕ್ಷಕಿ ಏನೂ ಹೇಳದೆ ಎಡಗೈ ಚಾಚಿ ಅದರ ಮೇಲೆ ಬಲಗೈಯ ಒಂದು ಬೆರಳಿನಿಂದ ತಟ್ಟುತ್ತಾಳೆ. ಹತ್ತಿರ ಕೂತ ನಾಲ್ಕೈದು ಮಕ್ಕಳು ನೋಡಿ ತಾವೂ ತಟ್ಟುತ್ತಾರೆ. ಹನಿ ಬಿದ್ದ ಸದ್ದು. ಎರಡು ಬೆರಳು: ತುಂತುರು. ಮೂರು, ನಾಲ್ಕು, ಕೊನೆಗೆ ಅಂಗೈಗೆ ಅಂಗೈ ತಟ್ಟಿ ಧಾರಾಕಾರ ಮಳೆ. ಈಗ ಇಡೀ ಕೋಣೆ ಸೇರಿಕೊಂಡಿದೆ, ಗದ್ದಲ ತಾರಕದಲ್ಲಿದೆ. ಆದರೆ ಇದು ಆಕೆಯ ಕೈಯಲ್ಲಿರುವ ಗದ್ದಲ. ಮತ್ತೆ ನಾಲ್ಕು ಬೆರಳು, ಮೂರು, ಎರಡು, ಒಂದು. ಬೆರಳು ಗಾಳಿಯಲ್ಲೇ ನಿಲ್ಲುತ್ತದೆ. ಮಳೆ ನಿಂತಿತು.

ಆ ಎರಡು ಸೆಕೆಂಡುಗಳೇ ಅವಳ ಬಂಡವಾಳ. ಅನುಭವಿ ಶಿಕ್ಷಕಿ ಆಗ ದನಿ ತಗ್ಗಿಸಿ, ನೇರವಾಗಿ ಕಥೆಯ ಒಳಗೆ ಕಾಲಿಡುತ್ತಾಳೆ. ಹೊಸಬಳು ಬೋರ್ಡಿನತ್ತ ತಿರುಗಿ ದಿನಾಂಕ ಬರೆಯಲು ಹೋಗುತ್ತಾಳೆ, ಇಲ್ಲವೇ ಚೀಲದಲ್ಲಿ ಮಿಂಚುಪಟ್ಟಿ ಹುಡುಕುತ್ತಾಳೆ. ಬೆನ್ನು ತಿರುಗಿಸಿದಷ್ಟು ಹೊತ್ತಿಗೆ ಕೈಗೆ ಬಂದದ್ದೆಲ್ಲ ಚೆಲ್ಲಿಹೋಗಿರುತ್ತದೆ. ಮಳೆ ಚಪ್ಪಾಳೆ ಕಲಿಸುವುದು ಸುಲಭ, ಅದಾದ ಮೇಲಿನ ಎರಡು ಸೆಕೆಂಡು ಕಲಿಸುವುದು ಕಷ್ಟ.

ಕಥೆ ಯಾವುದು? ಲಗ್ಗೆರೆಯಂಥ ಕಡೆ ಈ ಪ್ರಶ್ನೆಗೆ ತೂಕವಿದೆ. ಒಂದೇ ಕೋಣೆಯಲ್ಲಿ ಯಾದಗಿರಿ, ರಾಯಚೂರಿನ ಕಡೆಯ ಮಗು, ತುಮಕೂರಿನ ಮಗು, ಮನೆಯಲ್ಲಿ ತೆಲುಗು, ತಮಿಳು ಅಥವಾ ಉರ್ದು ಆಡುವ ಮಗು, ಒಡಿಶಾದಿಂದಲೋ ಬಿಹಾರದಿಂದಲೋ ಮೊನ್ನೆ ಬಂದ ಮಗು ಒಟ್ಟಿಗೆ ಕೂತಿರುತ್ತವೆ. 'ಸುಮ್ನೆ ಕೂತ್ಕೊಳ್ಳಿ' ಎಂಬುದು 'ಸುಮ್ನ ಕೂಡ್ರಿ' ಕೇಳಿ ಬೆಳೆದವನಿಗೇ ಅರೆಕ್ಷಣ ತಡವಾಗಿ ಹೊಳೆಯುತ್ತದೆ, ಉಳಿದವರ ಮಾತೇನು? ನಾವು ಗಮನ ಕೊಡುತ್ತಿಲ್ಲ ಎನ್ನುವ ಎಷ್ಟೋ ಮಕ್ಕಳಿಗೆ ಮಾತೇ ಅರ್ಥವಾಗಿರುವುದಿಲ್ಲ. ಕೆಲವರಿಗೆ ಬೋರ್ಡು ಕಾಣುತ್ತಿರುವುದಿಲ್ಲ, ಸೋರುವ ಕಿವಿಯ ಮಗುವಿಗೆ ಕೇಳಿಸುತ್ತಿರುವುದಿಲ್ಲ. ಕೆಲವರು ಬೆಳಿಗ್ಗೆ ತಿಂಡಿ ತಿಂದಿರುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ 2013ರ ಆಗಸ್ಟ್‌ನಿಂದ ಕೊಡುತ್ತಿರುವ ಕ್ಷೀರ ಭಾಗ್ಯದ ಹಾಲು ಕುಡಿದ ಮೇಲೆ ಪಾಠಕ್ಕೆ ಕಳೆ ಬರುತ್ತದೆ ಎಂದು ಯಾವ ಹಳೆಯ ಶಿಕ್ಷಕಿಯಾದರೂ ಹೇಳುತ್ತಾಳೆ. ಅದೇ ರೀತಿ ಊಟದ ವ್ಯಾನಿನ ಸದ್ದು ಕೇಳಿಸಿದ ಮೇಲೆ ಬೃಹಸ್ಪತಿಯೇ ಬಂದು ಪಾಠ ಮಾಡಿದರೂ ಅಷ್ಟೆ.

ಭಾಷೆ ಬಾರದ ಮಗುವನ್ನೂ ಒಳಗೆ ಕರೆದುಕೊಳ್ಳುವ ಕಥೆ ಬೇಕಾದರೆ ಕಾಗಕ್ಕ ಗುಬ್ಬಕ್ಕನ ಕಥೆಗಿಂತ ಒಳ್ಳೆಯದನ್ನು ನಾನು ಕಾಣೆ. ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಅವಳು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಂದೊಂದು ಸಲವೂ ಒಂದೊಂದು ನೆಪ ಹೇಳಿ ಕಾಯಿಸುತ್ತಾಳೆ. ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದರೆ ಸಾಕು. ಮೊದಲ ಸಲ ಮಕ್ಕಳು ಕೇಳುತ್ತಾರೆ, ಎರಡನೇ ಸಲ ಕೆಲವರು ತಾವೂ ನೆಲ ಕುಟ್ಟುತ್ತಾರೆ. ಮೂರನೇ ಸಲ ಶಿಕ್ಷಕಿ ಕೈ ಎತ್ತಿ ತಡೆದರೆ ಒಡಿಯಾ ಮಾತಿನ ಮಗುವೂ ಸೇರಿ ಎಲ್ಲರೂ ಕಾಗಕ್ಕನ ಪರವಾಗಿ ಬಾಗಿಲು ಬಡಿಯುತ್ತಾರೆ. ಮತ್ತೆ ಮತ್ತೆ ಬರುವ ಮಾತು, ಮತ್ತೆ ಮತ್ತೆ ಬರುವ ಸದ್ದು. ಅಜ್ಜಿಯರ ಕಥೆಗಳೆಲ್ಲ ಹೀಗೆ ಕಟ್ಟಿಕೊಂಡಿರುವುದು ಸುಮ್ಮನೆ ಅಲ್ಲ, ಅರೆನಿದ್ದೆಯ ಮಕ್ಕಳನ್ನು ಹಿಡಿದಿಡಲು ಕಂಡುಕೊಂಡ ಉಪಾಯ ಅದು.

ಇದನ್ನು ನಮ್ಮ ಹಿಂದಿನವರು ತರಗತಿಯಲ್ಲೇ ಕಲಿತರು. ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದಕ್ಷಿಣ ಕನ್ನಡದ ಶಾಲೆಗಳನ್ನು ಸುತ್ತಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಜಿ.ಪಿ. ರಾಜರತ್ನಂ ಅವರದಂತೂ ನೇರವಾಗಿ ನಮ್ಮ ಹೊಸ ಮಿಸ್ಸಿನ ಕಥೆಯೇ. ಎಂ.ಎ. ಮುಗಿಸಿದ ಅವರು ತಂದೆಯ ಬದಲಿಗೆ ಕೆಲಕಾಲ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳಬೇಕಾಯಿತು. ಎಂ.ಎ. ಪದವಿ ಆ ಮಕ್ಕಳೆದುರು ಯಾವ ಉಪಯೋಗಕ್ಕೂ ಬಂದಿರಲಾರದು. 'ತುತ್ತೂರಿ' ಸಂಕಲನದ ಶಿಶುಗೀತೆಗಳಿಗೆ ಆ ದಿನಗಳೇ ಪ್ರೇರಣೆ. ಕನ್ನಡದ ಮೂರು ತಲೆಮಾರು ಬಾಯಿಪಾಠ ಮಾಡಿದ ಪದ್ಯಗಳು ಬದಲಿ ಉಪಾಧ್ಯಾಯನೊಬ್ಬನ ಅಗತ್ಯದಿಂದ ಹುಟ್ಟಿದವು ಎಂದು ತರಬೇತಿ ಕಾಲೇಜಿನಲ್ಲಿ ಯಾರಾದರೂ ಹೇಳಿದರೆ ಒಳ್ಳೆಯದಿತ್ತು.

ಗದರುವ ಮೊದಲು

ಕಥೆ, ಹಾಡು ಇವೆಲ್ಲ ಸರಿ, ದಿನವಿಡೀ ಕಥೆ ಹೇಳಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೌನಿನ್ ತರಗತಿಯನ್ನು ಹಿಡಿದಿಡುವುದು ಹೇಗೆ ಎಂದು ಹುಡುಕುತ್ತ ವರ್ಷಗಟ್ಟಲೆ ತರಗತಿಗಳಲ್ಲಿ ಕಳೆದರು. ಶುರುವಾದದ್ದು ಅವರದೇ ಕಾಲೇಜು ಪಾಠದಲ್ಲಿ, ಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಗದರಿದಾಗ ಉಳಿದವರೆಲ್ಲ ನೆಟ್ಟಗೆ ಕೂತದ್ದನ್ನು ಕಂಡು. ಗದರಿಕೆ ಹೇಗಿದ್ದರೆ ಪರಿಣಾಮ ಹೆಚ್ಚು ಎಂದು ಪತ್ತೆಮಾಡಲು ಅವರು ಶಿಶುವಿಹಾರಗಳ ಮೊದಲ ದಿನಗಳನ್ನು ಗಮನಿಸಿದರು. ಸಿಟ್ಟಿನ ಗದರಿಕೆಯಿಂದ ನೋಡುತ್ತಿದ್ದ ಮಕ್ಕಳು ಕಂಗೆಟ್ಟರೇ ಹೊರತು ಹೆಚ್ಚು ಶಿಸ್ತಿನವರಾಗಲಿಲ್ಲ. ಯಾರು, ಏನನ್ನು ಬಿಟ್ಟು, ಏನು ಮಾಡಬೇಕು ಎಂದು ಸ್ಪಷ್ಟವಾಗಿ ಹೇಳಿದಾಗ ಮಾತ್ರ ಒಂದಿಷ್ಟು ಫಲ ಕಂಡಿತು. ಆಮೇಲೆ ತರಗತಿಗಳನ್ನು ವಿಡಿಯೊದಲ್ಲಿ ಸೆರೆಹಿಡಿದು ನೋಡಿದರು. 1970ರಲ್ಲಿ ಪುಸ್ತಕ ಬರೆಯುವ ಹೊತ್ತಿಗೆ ಅವರ ಪ್ರಶ್ನೆಯೇ ಬದಲಾಗಿತ್ತು. ಗಲಾಟೆ ಆದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಸೋತವರಿಗೂ ದೊಡ್ಡ ಅಂತರವಿರಲಿಲ್ಲ. ಅಂತರವಿದ್ದದ್ದು ಗಲಾಟೆಗೆ ಮೊದಲು ಮಾಡುವ ಕೆಲಸದಲ್ಲಿ. ಒಳ್ಳೆಯವರಿಗೆ ಬೆನ್ನಲ್ಲೂ ಕಣ್ಣಿರುತ್ತಿತ್ತು. ಒಂದು ಮಗುವಿನ ಜೊತೆ ಮಾತಾಡುತ್ತಲೇ ಇನ್ನೊಂದು ಮೂಲೆಯನ್ನು ಕಾಯುತ್ತಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಎಡವದೆ ದಾಟುತ್ತಿದ್ದರು.

ಈ ದಾಟುವಿಕೆಯಲ್ಲೇ ನಮ್ಮ ಹುಡುಗಿ ಮುಗ್ಗರಿಸುವುದು. ಸ್ಲೇಟು ಹಂಚುವುದನ್ನೇ ನೋಡಿ. ಒಬ್ಬಳೇ ಸಾಲುಸಾಲಾಗಿ ಕೊಡುತ್ತ ಹೋದರೆ, ಇಪ್ಪತ್ತನೇ ಮಗುವಿಗೆ ತಲುಪುವಷ್ಟರಲ್ಲಿ ಮೊದಲನೆಯವನು ಸ್ಲೇಟಿನ ತುಂಬ ಗೀಚಿ, ಒರೆಸಿ, ಅದರಿಂದಲೇ ಪಕ್ಕದವನ ತಲೆಗೆ ಹೊಡೆದಾಗಿರುತ್ತದೆ. ಸ್ಲೇಟುಗಳನ್ನು ಮೊದಲೇ ನಾಲ್ಕು ಕಡೆ ಇಟ್ಟು ನಾಲ್ವರಿಗೆ ಹಂಚಲು ಹೇಳಿದರೆ ಅರ್ಧ ನಿಮಿಷದ ಕೆಲಸ. 'ಎಲ್ಲರೂ ಪುಸ್ತಕ ತೆಗೆದು, ನಿನ್ನೆ ಬರೆದ ಪುಟ ನೋಡಿ, ಅದರ ಕೆಳಗೆ ಬರೆಯಿರಿ' ಎಂಬ ಒಂದೇ ವಾಕ್ಯದಲ್ಲಿ ಮೂರು ಕೆಲಸಗಳಿವೆ. ಮಗು ಮೊದಲನೆಯದನ್ನಷ್ಟೇ ಹಿಡಿದುಕೊಳ್ಳುತ್ತದೆ, ಬ್ಯಾಗಿನೊಳಗೆ ತಲೆ ತೂರಿಸುತ್ತದೆ, ಅಲ್ಲಿ ಬೇರೇನೋ ಸಿಗುತ್ತದೆ. ಪ್ರಶ್ನೆ ಕೇಳುವುದರಲ್ಲೂ ಹೀಗೆಯೇ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಹೇಳುವ ಮಕ್ಕಳೂ ಹೆಚ್ಚುತ್ತಾರೆ, ಉತ್ತರವೂ ಉದ್ದವಾಗುತ್ತದೆ. ಅವಲೋಕನ ಬರೆಯುವವರು ಹಿಂದೆ ಕೂತಿರುವಾಗ ಮೂರು ಸೆಕೆಂಡಿನ ಮೌನ ಹೊಸಬಳಿಗೆ ಒಂದು ಯುಗ.

ದನಿ ಏರಿಸಿ ಗೆಲ್ಲುವುದಂತೂ ಈ ಭಾಗದಲ್ಲಿ ಆಗದ ಮಾತು. ಪವರ್ ಪ್ರೆಸ್, ಗ್ರೈಂಡಿಂಗ್, ವರ್ತುಲ ರಸ್ತೆಯ ಲಾರಿ, ಮಳೆಗಾಲದಲ್ಲಿ ಶೀಟಿನ ಮಾಡಿನ ಮೇಲಿನ ಸದ್ದು ಎಲ್ಲದರ ಜೊತೆ ಪೈಪೋಟಿ ಮಾಡಬೇಕು. ಪಾಠ ನಡೆಯುವಾಗ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಸದ್ದಿನ ನಡುವೆ ಮಾತು ಹೆಕ್ಕಿಕೊಳ್ಳುವ ಶಕ್ತಿ ದೊಡ್ಡವರಿಗಿಂತ ಮಕ್ಕಳಿಗೆ ಕಡಿಮೆ ಬೇರೆ. ಕೂಗಿದವಳ ಗಂಟಲು ಶನಿವಾರದ ಹೊತ್ತಿಗೆ ಕಟ್ಟಿರುತ್ತದೆ, ಸೋಮವಾರ ಮಕ್ಕಳು ಹೊಸ ಗಂಟಲಿನೊಂದಿಗೆ ಬರುತ್ತಾರೆ.

ಎಲ್ಲರ ಗಮನವನ್ನೂ ಒಬ್ಬಳೇ, ಒಂದೇ ಹೊತ್ತಿಗೆ, ತನ್ನ ಮುಖದತ್ತ ಎಳೆದುಕೊಳ್ಳಬೇಕು ಎಂಬ ಹಟವನ್ನೇ ಬಿಟ್ಟುಕೊಟ್ಟ ಪ್ರಯೋಗ ನಮ್ಮಲ್ಲೇ ನಡೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ್ದು ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗುವೇ ನೋಡಿಕೊಳ್ಳುತ್ತದೆ, ತನ್ನ ಕಾರ್ಡು ತಾನೇ ತೆಗೆದುಕೊಳ್ಳುತ್ತದೆ, ಅದಕ್ಕೆ ಹೊಂದುವ ತಟ್ಟೆಯಲ್ಲಿ (ಗುಂಪಿಗೆ ಅಲ್ಲಿನ ಹೆಸರು ತಟ್ಟೆ) ಹೋಗಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕಿಯ ಪೂರ್ತಿ ನೆರವು, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಮಕ್ಕಳು ಪರಸ್ಪರ ಹೇಳಿಕೊಡುತ್ತಾರೆ, ಕಡೆಯದರಲ್ಲಿ ತಾವೇ ಕಲಿಯುತ್ತಾರೆ. ಅಕ್ಷರಗಳೂ ಅ, ಆ, ಇ ಎಂದು ಸಾಲಾಗಿ ಬರದೆ ರ, ಗ, ಸ, ದ, ಅ ಎಂದು ಬರುತ್ತವೆ. ಐದು ಅಕ್ಷರ ಕಲಿತ ಕೂಡಲೇ ಅರಸ, ಸರ, ಗರಗಸ ಎಂದು ಓದಲು ಪದ ಸಿಗುತ್ತದೆ. ಮಕ್ಕಳು ಬಿಡಿಸಿದ್ದು, ಕತ್ತರಿಸಿದ್ದು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತದೆ. ಇಂಥ ಕೋಣೆಯಲ್ಲಿ ಗುಜುಗುಜು ಇದ್ದೇ ಇರುತ್ತದೆ. ಆದರೆ ಪ್ರತಿ ಮಗುವಿನ ಕೈಯಲ್ಲೂ ಒಂದು ಕೆಲಸ ಇರುತ್ತದೆ.

ಕಾರ್ಡು ಹರಿದುಹೋದ, ದಾಖಲೆ ತುಂಬುವುದೇ ಹೆಚ್ಚಾದ, ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದ ಕಡೆ ನಲಿ-ಕಲಿ ಸೊರಗಿದೆ ಎಂಬ ದೂರುಗಳಲ್ಲಿ ಹುರುಳಿದೆ. ಆದರೂ ಹೊಸ ಶಿಕ್ಷಕಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆದರೆ ಲಗ್ಗೆರೆಯ ಎಷ್ಟೋ ತಂದೆತಾಯಂದಿರು ಸಂಬಳದ ಒಂದು ಭಾಗ ಕೊಟ್ಟು ಮಕ್ಕಳನ್ನು ಕಳಿಸುವುದು ಖಾಸಗಿ ಇಂಗ್ಲಿಷ್ ಶಾಲೆಗೆ. ಅಲ್ಲಿ ಬೆಂಚಿಗೆ ನಾಲ್ವರು, ಎದುರಿಗೆ ಬೋರ್ಡು, ಗೊತ್ತಿಲ್ಲದ ಭಾಷೆ. ಅಲ್ಲಿನ ಹೊಸ ಮಿಸ್ಸಿಗೆ 'ಸೈಲೆನ್ಸ್' ಬಿಟ್ಟರೆ ಬೇರೆ ಉಪಕರಣವಿಲ್ಲ.

ಕೋಲಿಲ್ಲದ ಕೈ

ಹಳೆಯ ಕಾಲದ ಶಾಲೆಯಾದ ಐಗಳ ಮಠದಲ್ಲಿ ಗಮನದ ಸಮಸ್ಯೆ ಇರಲಿಲ್ಲ ಎನ್ನುವವರಿದ್ದಾರೆ. ಕೋದಂಡಕ್ಕೆ ಏರಿಸಿ ಶಿಕ್ಷಿಸುತ್ತಿದ್ದ ಆ ಕಾಲದಲ್ಲಿ ಮಕ್ಕಳು ಗಮನ ಕೊಡುತ್ತಿದ್ದದ್ದು ಕೋಲಿಗೆ. ಹಾಗೆ ಮಠ ಬಿಟ್ಟು ಓಡಿಹೋದವರ ಲೆಕ್ಕ ಯಾರೂ ಇಟ್ಟಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಕೋಲು ಕಿತ್ತುಕೊಂಡದ್ದು ಸರಿಯೇ. ಅದರ ಬದಲು ಕೈಗೆ ಏನು ಕೊಟ್ಟೆವು ಎಂದು ಕೇಳಬೇಕಾಗಿದೆ.

ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯದೇ ವಿದ್ಯೆ ಎಂದು ಸುಪ್ರೀಂ ಕೋರ್ಟೇ ಹೇಳಿಯಾಗಿದೆ. 2018ರಲ್ಲಿ ಬಿ.ಇಡಿ. ಆದವರೂ ಪ್ರಾಥಮಿಕ ತರಗತಿಗೆ ಅರ್ಹರೆಂದು ಶಿಕ್ಷಕರ ಶಿಕ್ಷಣ ಪರಿಷತ್ತು ಅಧಿಸೂಚನೆ ಹೊರಡಿಸಿತ್ತು. ಪ್ರಾಥಮಿಕ ಹಂತದ ಮಕ್ಕಳಿಗೆ ಕಲಿಸುವ ತರಬೇತಿ ಬಿ.ಇಡಿ.ಯಲ್ಲಿ ಇಲ್ಲ, ಅದು ಡಿ.ಎಲ್.ಇಡಿ.ಯದು ಎಂದು 2023ರ ಆಗಸ್ಟ್ 11ರ ತೀರ್ಪು ಅದನ್ನು ತಳ್ಳಿಹಾಕಿತು. ತೀರ್ಪು ಬಂದದ್ದೇನೋ ಸರಿ. ನಮ್ಮ ರಾಜ್ಯದಲ್ಲಿ ಅಷ್ಟರಲ್ಲಿ ಎಷ್ಟೋ ಡಿ.ಎಲ್.ಇಡಿ. ಕಾಲೇಜುಗಳು ವಿದ್ಯಾರ್ಥಿಗಳಿಲ್ಲದೆ ಬಾಗಿಲು ಹಾಕಿದ್ದವು. ಕೆಲಸ ಸಿಗದ ಕೋರ್ಸಿಗೆ ಯಾರು ಸೇರುತ್ತಾರೆ?

ಸೇರಿದ ಕೆಲವರಿಗಾದರೂ ಸರಿಯಾಗಿ ಕಲಿಸೋಣ. ತರಬೇತಿ ಸಂಸ್ಥೆಗಳು ಇಂಟರ್ನ್‌ಶಿಪ್ಪಿನ ಮೊದಲ ಎರಡು ವಾರ ಪಾಠದ ಲೆಕ್ಕ ಕೇಳಬಾರದು. ಒಂದೇ ತರಗತಿಯಲ್ಲಿ ಕೂತು ಮಕ್ಕಳ ಹೆಸರು, ಮನೆಮಾತು, ಯಾರಿಗೆ ಕಣ್ಣು ಕಾಣದು, ಯಾರು ಹಸಿದು ಬರುತ್ತಾರೆ ಎಂದು ತಿಳಿದುಕೊಳ್ಳುವುದೇ ಆ ಎರಡು ವಾರದ ಕೆಲಸವಾಗಲಿ. ಅವಲೋಕನ ಬರೆಯುವವರು ಹಿಂದಿನ ಬೆಂಚಿನಿಂದ ಎದ್ದು, ಒಂದು ಪಾಠ ತಾವೇ ಮಾಡಿ ತೋರಿಸಲಿ. ಮುಖ್ಯಶಿಕ್ಷಕರಲ್ಲಿ ಒಂದು ವಿನಂತಿ: ಜೂನ್‌ನಲ್ಲಿ ತರಗತಿ ಹಂಚುವಾಗ ಒಂದನೇ ತರಗತಿಯನ್ನು ಹೊಸಬರ ತಲೆಗೆ ಕಟ್ಟಬೇಡಿ. ಅದನ್ನು ನಿಮ್ಮ ಶಾಲೆಯ ಅತಿ ಪಳಗಿದ ಶಿಕ್ಷಕಿಗೆ ಕೊಡಿ, ಹೊಸ ಮಿಸ್ಸನ್ನು ಆಕೆಯ ಪಕ್ಕದಲ್ಲಿ ಕೂರಿಸಿ.